ಎಣ್ಣೆಯ ರೈಲು ಓಡಿದ ದಾರಿಯಲ್ಲಿ ನಾಲ್ಕು ದಿನ

ಹೊರಡುವ ಹಿಂದಿನ ರಾತ್ರಿ ಅಪ್ಪ ಫೋನಿನಲ್ಲಿ ಒಂದೇ ಮಾತು ಹೇಳಿದ್ದರು: "ಬರೀ ಫೋಟೊ ಕಳಿಸಬೇಡಿ. ಮರದಿಂದ ಮರಕ್ಕೆ ಎಷ್ಟು ಅಡಿ ಬಿಟ್ಟಿದ್ದಾರೆ, ಬಿದ್ದ ಕಾಯಿ ಏನು ಮಾಡ್ತಾರೆ, ಇದನ್ನೆಲ್ಲ ಕೇಳ್ಕೊಂಡು ಬನ್ನಿ." ನಾನೂ ಅಕ್ಕನೂ ಹುಟ್ಟಿ ಬೆಳೆದದ್ದು ತಿಪಟೂರಿನ ಹತ್ತಿರ ಒಂದು ತೆಂಗಿನ ತೋಟದಲ್ಲಿ. ಅಕ್ಕ ಈಗ ಮ್ಯಾಡ್ರಿಡ್‌ನಲ್ಲಿ ನೆಲೆಸಿದ್ದಾಳೆ. ಕಳೆದ ಡಿಸೆಂಬರಿನಲ್ಲಿ ನಾನು ಅವಳ ಮನೆಗೆ ಹೋದಾಗ, ದಕ್ಷಿಣದ ಆಂದಲೂಸಿಯಾದ ಆಲಿವ್ ನಾಡಿನಲ್ಲಿ ನಾಲ್ಕು ದಿನ ಸೈಕಲ್ಲಿನಲ್ಲಿ ಸುತ್ತುವ ಯೋಜನೆಯನ್ನು ಅವಳು ಮೊದಲೇ ಮಾಡಿಟ್ಟಿದ್ದಳು. ಆಲಿವ್ ಕೊಯ್ಲು ನಡೆಯುವ ಕಾಲ ಅದೇ ಆದ್ದರಿಂದ ಚಳಿಯಾದರೂ ಸರಿ ಎಂದು ಆ ತಿಂಗಳನ್ನೇ ಆರಿಸಿದ್ದಳು.

ನಾವು ಹಿಡಿದ ದಾರಿ ಒಂದು ಕಾಲದಲ್ಲಿ ರೈಲು ಮಾರ್ಗವಾಗಿತ್ತು. ಲಿನಾರೆಸ್‌ನಿಂದ ಹಯೇನ್ ಮೂಲಕ ಪುಯೆಂತೆ ಹೆನಿಲ್‌ವರೆಗೆ 19ನೆಯ ಶತಮಾನದ ಕೊನೆಯಲ್ಲಿ ಹಾಕಿದ ಈ ಹಳಿಯ ಮೇಲೆ ಆಲಿವ್ ಎಣ್ಣೆ ಸಾಗುತ್ತಿತ್ತು. ಜನ ಅದನ್ನು ಇಂದಿಗೂ ಎಣ್ಣೆಯ ರೈಲು ಎಂದೇ ಕರೆಯುತ್ತಾರೆ. 1980ರ ದಶಕದಲ್ಲಿ ರೈಲು ನಿಂತುಹೋಯಿತು. ಹೀಗೆ ಪಾಳುಬಿದ್ದ ಹಳಿಗಳ ಜಾಗವನ್ನು ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟುಕೊಡುವ ಯೋಜನೆ ಸ್ಪೇನಿನಲ್ಲಿ 1993ರಲ್ಲಿ ಆರಂಭವಾಗಿ, ಇವತ್ತು ದೇಶದ ತುಂಬ 3,000 ಕಿಲೋಮೀಟರಿಗೂ ಹೆಚ್ಚು ದಾರಿ ಸಿದ್ಧವಾಗಿದೆ. ಈ ದಾರಿಗಳಿಗೆ ಅಲ್ಲಿ ವಿಯಾ ವೆರ್ದೆ, ಅಂದರೆ ಹಸಿರು ದಾರಿ ಎಂದು ಹೆಸರು. ಹಯೇನ್‌ನಿಂದ ಹೊರಡುವ ನಮ್ಮ ದಾರಿ, ಬಾಯೆನಾ ಊರಿನ ಕಡೆಗೆ ಹೋಗುವ ಕವಲೂ ಸೇರಿ, 128 ಕಿಲೋಮೀಟರ್ ಇದೆ.

ಮೊದಲ ದಿನ: ಹಯೇನ್‌ನಿಂದ ಮಾರ್ತೋಸ್

ಮ್ಯಾಡ್ರಿಡ್‌ನಿಂದ ಹಯೇನ್‌ಗೆ ಮಧ್ಯಮ ದೂರದ ರೈಲಿನಲ್ಲಿ ಹಿಂದಿನ ಸಂಜೆಯೇ ಬಂದಿಳಿದಿದ್ದೆವು. ಆ ರೈಲುಗಳಲ್ಲಿ ಸೈಕಲ್ಲಿಗೆ ಇರುವ ಜಾಗ ಬಹಳ ಕಡಿಮೆಯಾದ್ದರಿಂದ ಟಿಕೆಟ್ಟಿನ ಜೊತೆಗೇ ಅದನ್ನೂ ಕಾದಿರಿಸುವುದು ಒಳ್ಳೆಯದು.

ಆ ಕಾಲದಲ್ಲಿ ಅಲ್ಲಿ ಬೆಳಕು ಹರಿಯುವುದೇ ಎಂಟು ಗಂಟೆ ದಾಟಿದ ಮೇಲೆ, ಸಂಜೆ ಆರಕ್ಕೆಲ್ಲ ಕತ್ತಲೆ. ನಾವು ಒಂಬತ್ತಕ್ಕೆ ಹೊರಟಾಗ ಹ್ಯಾಂಡಲ್ಲು ಹಿಡಿದ ಬೆರಳುಗಳು ಕೈಗವಸಿನೊಳಗೂ ಸೆಟೆದಿದ್ದವು. ಊರಿನ ಕೊನೆಯ ಮನೆಗಳು ಹಿಂದಾದವು. ಒಂದು ತಿರುವು ಕಳೆದದ್ದೇ ತಡ, ಎರಡೂ ಬದಿಗೆ ಆಲಿವ್ ಮರಗಳು, ಗುಡ್ಡದ ನೆತ್ತಿಯವರೆಗೆ, ಅದರಾಚೆಯ ಗುಡ್ಡದ ನೆತ್ತಿಯವರೆಗೆ. ಈ ಒಂದು ಜಿಲ್ಲೆಯಲ್ಲೇ ಆರು ಕೋಟಿಗೂ ಹೆಚ್ಚು ಆಲಿವ್ ಮರಗಳಿವೆ; ಮಳೆ ಚೆನ್ನಾಗಿ ಆದ ವರ್ಷ ಜಗತ್ತಿನ ಆಲಿವ್ ಎಣ್ಣೆಯ ಸುಮಾರು ಐದನೆಯ ಒಂದು ಪಾಲು ಇಲ್ಲಿಂದಲೇ ಬರುತ್ತದೆ. ಈ ಅಂಕಿಗಳನ್ನು ನಾನು ಮೊದಲೇ ಓದಿದ್ದೆ. ಆದರೆ ಆರು ಕೋಟಿ ಎಂದರೆ ಏನೆಂದು ಆ ತಿರುವಿನಲ್ಲಿ ನಿಂತಾಗಲೇ ಗೊತ್ತಾದದ್ದು.

ಅಲ್ಲಿನವರು ಇದನ್ನು ಆಲಿವ್ ಸಮುದ್ರ ಎನ್ನುತ್ತಾರೆ. ದೂರದಿಂದ ನೋಡಿದರೆ ಹಾಗೆಯೇ ಕಾಣುತ್ತದೆ. ಸೈಕಲ್ಲಿಳಿದು ತೋಟದ ಅಂಚಿಗೆ ಹೋದಾಗ ಮಾತ್ರ ಅದು ಸಮುದ್ರದಂತೆ ಇರಲಿಲ್ಲ, ಯಾರೋ ಗೀಟು ಹಾಕಿ ಬರೆದ ಲೆಕ್ಕದ ಪುಸ್ತಕದಂತೆ ಇತ್ತು. ಅಪ್ಪನ ಪ್ರಶ್ನೆ ನೆನಪಾಗಿ ಹೆಜ್ಜೆ ಹಾಕಿ ಅಳೆದೆ: ಮರದಿಂದ ಮರಕ್ಕೆ ಸುಮಾರು ಹತ್ತು ಮೀಟರು, ನಮ್ಮ ತೆಂಗಿನ ಮೂವತ್ತಡಿಗಿಂತ ತುಸು ಹೆಚ್ಚು. ಒಂದೊಂದು ಗುಣಿಯಿಂದಲೂ ಎರಡೋ ಮೂರೋ ಕಾಂಡಗಳು ಹೊರಕ್ಕೆ ಬಾಗಿ ಎದ್ದಿದ್ದವು. ಬುಡದ ಸುತ್ತ ನೆಲವನ್ನು ಅಂಗಳದಂತೆ ಗುಡಿಸಿ ನುಣುಪು ಮಾಡಿದ್ದರು. ಅದು ಏಕೆಂದು ಮಾರನೆಯ ದಿನ ತಿಳಿಯಿತು.

ರೈಲಿಗೆಂದು ಮಾಡಿದ ದಾರಿಯಾದ್ದರಿಂದ ಏರು ಎಲ್ಲಿಯೂ ಕಡಿದಾಗಿಲ್ಲ. ಹೆಚ್ಚು ಅಭ್ಯಾಸವಿಲ್ಲದ ನಾನೂ ಮಾತನಾಡುತ್ತಲೇ ತುಳಿಯಬಲ್ಲಂಥ ಏರು. ನಡುವೆ ಒಂದು ಸುರಂಗ ಸಿಗುತ್ತದೆ. ದೀಪದ ವ್ಯವಸ್ಥೆ ಇದ್ದರೂ ಸೈಕಲ್ಲಿಗೆ ಸ್ವಂತ ದೀಪ ಬೇಕೇ ಬೇಕು. ಸುರಂಗ ದಾಟಿ ತೋರ್ರೆದೆಲ್‌ಕಾಂಪೊ ಎಂಬ ಊರಿನಲ್ಲಿ ಕಾಫಿಗೆ ನಿಂತೆವು. ಅಲ್ಲಿನ ಬೆಳಗಿನ ತಿಂಡಿ ಸುಟ್ಟ ಬ್ರೆಡ್ಡು, ಅದರ ಮೇಲೆ ತುರಿದ ಟೊಮೆಟೊ, ಅದರ ಮೇಲೆ ಧಾರೆಯಾಗಿ ಸುರಿದ ಎಣ್ಣೆ. ನಮ್ಮ ಹೋಟೆಲುಗಳಲ್ಲಿ ಟೇಬಲ್ಲಿನ ಮೇಲೆ ನೀರಿನ ಜಗ್ಗು ಇಡುವಷ್ಟು ಸಹಜವಾಗಿ ಅಲ್ಲಿ ಎಣ್ಣೆಯ ಬಾಟಲಿ ಇಡುತ್ತಾರೆ. ಚಮಚದಲ್ಲಿ ಅಳೆದು ಹಾಕಿಕೊಂಡ ನನ್ನನ್ನು ನೋಡಿ ಅಂಗಡಿಯ ಹೆಂಗಸು ತಾನೇ ಬಾಟಲಿ ತೆಗೆದುಕೊಂಡು ಬ್ರೆಡ್ಡು ನೆನೆಯುವಷ್ಟು ಸುರಿದಳು.

ಮುಂದಿನ ಊರು ತೋರ್ರೆದೊನ್‌ಹಿಮೆನೊ. ಇಲ್ಲಿ 1926ರಲ್ಲಿ ಒಬ್ಬ ರೈತ ಆಲಿವ್ ತೋಟ ಉಳುತ್ತಿದ್ದಾಗ ನೇಗಿಲಿಗೆ, ರೋಮನ್ನರ ನಂತರ ಸ್ಪೇನನ್ನು ಆಳಿದ ವಿಸಿಗೋಥರ ಕಾಲದ ನಿಧಿ ಸಿಕ್ಕಿತು. ಚಿನ್ನದ ಶಿಲುಬೆಗಳನ್ನೂ ಬಣ್ಣದ ಕಲ್ಲುಗಳನ್ನೂ ಗುರುತಿಸಲಾಗದೆ ಅವನು ಮನೆಗೆ ಒಯ್ದು ಇಟ್ಟನಂತೆ, ಮಕ್ಕಳು ಅವುಗಳ ಜೊತೆ ಆಟವಾಡಿದರಂತೆ. ಉಳಿದ ಚೂರುಗಳು ಈಗ ಮ್ಯಾಡ್ರಿಡ್, ಬಾರ್ಸಿಲೋನಾ, ಕೊರ್ದೋಬಾದ ವಸ್ತುಸಂಗ್ರಹಾಲಯಗಳಲ್ಲಿ ಹಂಚಿಹೋಗಿವೆ. ಹದಿಮೂರು ಶತಮಾನ ಮಣ್ಣಿನಲ್ಲಿ ಉಳಿದದ್ದು ಹೊರಬಂದ ಕೆಲವೇ ವರ್ಷಗಳಲ್ಲಿ ಒಡೆದು ಹರಡಿದ್ದನ್ನು ಯೋಚಿಸಿದಾಗ ನನಗೆ ನಿಜವಾಗಿ ಸಂಕಟವಾಯಿತು.

ಮಾರ್ತೋಸ್ ತಲುಪುವ ಮೊದಲೇ ಅದರ ಬಂಡೆ ಕಾಣುತ್ತದೆ. ಸಮುದ್ರಮಟ್ಟದಿಂದ ಸಾವಿರ ಮೀಟರು ಎತ್ತರದ, ತಲೆಯ ಮೇಲೆ ಮುರಿದ ಕೋಟೆ ಹೊತ್ತ ಒಂಟಿ ಬೆಟ್ಟದ ಬುಡಕ್ಕೆ ಊರು ಅಂಟಿಕೊಂಡಿದೆ. ಕಾಣುವುದಕ್ಕಿಂತ ಮೊದಲು ಊರಿನ ವಾಸನೆ ಬಂತು. ಹಸಿ ಹುಲ್ಲು, ಹುಳಿಸಿದ ಹಿಂಡಿ, ಸ್ವಲ್ಪ ಹೊಗೆ, ಎಲ್ಲ ಕೂಡಿದ ಘಾಟು. ಕೊಯ್ಲಿನ ಎರಡು ಮೂರು ತಿಂಗಳು ಇಡೀ ಊರಿಗೆ ಇದೇ ಗಾಳಿ. ಸಂಜೆ ಸಹಕಾರಿ ಎಣ್ಣೆ ಗಿರಣಿಯೊಂದರ ಅಂಗಳದಲ್ಲಿ ಟ್ರಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು. ಗಿರಣಿಗೆ ಅಲ್ಲಿ ಅಲ್ಮಸಾರಾ ಎನ್ನುತ್ತಾರೆ. ಈ ಮಾತೂ, ಎಣ್ಣೆಗೂ ಆಲಿವ್ ಹಣ್ಣಿಗೂ ಅವರು ಬಳಸುವ ಮಾತುಗಳೂ ಅರಬ್ಬಿಯಿಂದ ಬಂದವು. ಅಕ್ಕ ಕೇಳಿದ್ದಕ್ಕೆ ಅಲ್ಲಿನ ಮೇಲ್ವಿಚಾರಕರು ಸುಮಾರು ಅರ್ಧ ಗಂಟೆ ನಮ್ಮನ್ನು ಒಳಗೆ ಸುತ್ತಾಡಿಸಿದರು.

ಟ್ರೇಲರಿನಿಂದ ಬಿದ್ದ ಕಾಯಿಯಿಂದ ಗಾಳಿ ಎಲೆಯನ್ನು ಬೇರ್ಪಡಿಸುತ್ತದೆ, ನೀರು ಮಣ್ಣನ್ನು ತೊಳೆಯುತ್ತದೆ. ಬೀಜಸಮೇತ ಅರೆದ ಮುದ್ದೆಯನ್ನು ತೊಟ್ಟಿಯಲ್ಲಿ ನಿಧಾನವಾಗಿ ತಿರುವುತ್ತಾರೆ. ತಣ್ಣಗೆ ತೆಗೆದ ಎಣ್ಣೆ ಎಂದು ಹೇಳಬೇಕಾದರೆ ಆ ಮುದ್ದೆಯ ಉಷ್ಣ 27 ಡಿಗ್ರಿ ದಾಟಬಾರದು. ಆಮೇಲೆ ವೇಗವಾಗಿ ತಿರುಗುವ ಉರುಳೆಯೊಳಗೆ ಎಣ್ಣೆ, ನೀರು, ಹಿಂಡಿ ಬೇರೆ ಬೇರೆಯಾಗುತ್ತವೆ. ಬೀಜದ ಚೂರು ಕೂಡ ಪೋಲಾಗುವುದಿಲ್ಲ, ಬಾಯ್ಲರಿಗೆ ಉರುವಲಾಗುತ್ತದೆ. ನನ್ನ ಗಮನವೆಲ್ಲ ಬಾಗಿಲಲ್ಲಿ ನಡೆಯುತ್ತಿದ್ದ ಕೆಲಸದ ಮೇಲಿತ್ತು. ಒಬ್ಬೊಬ್ಬ ರೈತನ ಕಾಯಿಂದಲೂ ಒಂದು ಚೀಲ ಮಾದರಿ ತೆಗೆದು ಅದರಲ್ಲಿ ಶೇಕಡಾ ಎಷ್ಟು ಎಣ್ಣೆ ಇದೆಯೆಂದು ಪರೀಕ್ಷಿಸಿ, ತೂಕದ ಜೊತೆ ಅದನ್ನೂ ಲೆಕ್ಕಕ್ಕೆ ಹಿಡಿದು ಹಣ ಕೊಡುತ್ತಾರೆ. ಚೀಟಿ ಕೈಗೆ ಬರುವವರೆಗೆ ಕಾಯುತ್ತಿದ್ದವರ ಮುಖಗಳು ನನಗೆ ಪರಿಚಿತವಾಗಿದ್ದವು. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಚೀಲದ ಬಾಯಿ ಬಿಚ್ಚಿ ನಿಲ್ಲುವ ಅಪ್ಪನ ಮುಖವೂ ಹೀಗೆಯೇ ಇರುತ್ತದೆ.

ಹೊರಡುವಾಗ ಆ ಮೇಲ್ವಿಚಾರಕರು ಅಂದಿನದೇ ಎಣ್ಣೆಯನ್ನು ಚಿಕ್ಕ ಲೋಟದಲ್ಲಿ ಕೊಟ್ಟರು. ಗಿಳಿಹಸಿರು ಬಣ್ಣ, ಮೊದಲು ಕಹಿ, ನುಂಗಿದ ಮೇಲೆ ಗಂಟಲಿನಲ್ಲಿ ಮೆಣಸು ತಿಂದಂಥ ಖಾರ. ನಾನು ಕೆಮ್ಮಿದಾಗ ಅವರಿಗೆ ಸಂತೋಷವಾಯಿತು. ಕೆಮ್ಮು ಬಂದರೆ ಎಣ್ಣೆ ಒಳ್ಳೆಯದು ಎಂದರ್ಥವಂತೆ.

ಎರಡನೆಯ ದಿನ: ಮಾರ್ತೋಸ್‌ನಿಂದ ಸುಎರೋಸ್

ಇದು ಸುಮಾರು 50 ಕಿಲೋಮೀಟರಿನ ದಿನ, ಇಡೀ ಪ್ರವಾಸದಲ್ಲಿ ನನಗೆ ಹೆಚ್ಚು ನೆನಪಿರುವ ದಿನ. ಮಾರ್ತೋಸ್ ಆಚೆ ದಾರಿ ಇಳಿಯತೊಡಗುತ್ತದೆ, ಊರುಗಳು ದಾರಿಯಿಂದ ದೂರ ಸರಿಯುತ್ತವೆ. ಮಧ್ಯೆ ಬರುವ ಅಲ್ಕೌದೆತೆಯ ಹಳೆಯ ನಿಲ್ದಾಣ ಕೂಡ ಊರಿನಿಂದ ಸಾಕಷ್ಟು ದೂರವಿದೆ. ನೀರನ್ನೂ ಹೊಟ್ಟೆಗೆ ಬೇಕಾದ್ದನ್ನೂ ಮಾರ್ತೋಸ್‌ನಲ್ಲೇ ಕಟ್ಟಿಕೊಳ್ಳಬೇಕು ಎಂದು ಅಕ್ಕ ಹೇಳಿದ್ದು ಮಧ್ಯಾಹ್ನದ ಹೊತ್ತಿಗೆ ಎಷ್ಟು ಸರಿಯೆನಿಸಿತು.

ಬೆಳಗಿನ ಮಂಜು ದಟ್ಟವಾಗಿತ್ತು. ಕಣ್ಣಿಗಿಂತ ಮುಂಚೆ ಕಿವಿಗೆ ಕೊಯ್ಲು ಸಿಕ್ಕಿತು: ಯಂತ್ರದ ಗುಂಯ್ ಎಂಬ ಸದ್ದು, ಗಳ ಕೊಂಬೆಗೆ ಬಡಿಯುವ ಸದ್ದು, ಅದರ ಹಿಂದೆಯೇ ಆಲಿಕಲ್ಲು ಉದುರಿದಂತೆ ಕಾಯಿ ಉದುರುವ ಸದ್ದು. ಮಂಜು ಸರಿದಾಗ ದಾರಿಯ ಪಕ್ಕದಲ್ಲೇ ಎಂಟು ಜನರ ಗುಂಪೊಂದು ಕಂಡಿತು. ಮರದ ಕೆಳಗೆ ದೊಡ್ಡ ಹಸಿರು ಬಲೆ ಹಾಸಿದ್ದರು. ಒಬ್ಬ ಕಾಂಡಕ್ಕೆ ಯಂತ್ರದ ಕೈ ಹಿಡಿಸಿ ಅಲುಗಿಸುತ್ತಿದ್ದ, ಉಳಿದವರು ಉದ್ದನೆಯ ಗಳಗಳಿಂದ ಒಳಗೊಂಬೆಗಳನ್ನು ಬಡಿಯುತ್ತಿದ್ದರು. ಗಳ ಎಲ್ಲಿ ಬೇಕಾದಲ್ಲಿ ಬೀಸುವಂತಿಲ್ಲ. ಮುಂದಿನ ವರ್ಷದ ಫಸಲು ಹೊರಬೇಕಾದ ಎಳೆಯ ಕುಡಿಗಳು ಮುರಿಯದಂತೆ ಒಳಗಿನಿಂದ ಹೊರಕ್ಕೆ ಓರೆಯಾಗಿ ಹೊಡೆಯಬೇಕು. ತೋಟದ ಯಜಮಾನರಾದ ಅರುವತ್ತು ದಾಟಿದ ಒಬ್ಬರು ನನಗೆ ಗಳ ಕೊಟ್ಟು ತೋರಿಸಿದರು. ಹತ್ತು ಏಟಿಗೆ ನನ್ನ ಭುಜ ಸೋತಿತು.

ಅಪ್ಪನ ಎರಡನೆಯ ಪ್ರಶ್ನೆಗೆ ಉತ್ತರ ಅವರಿಂದಲೇ ಸಿಕ್ಕಿತು. ಮರದಿಂದ ಉದುರಿಸಿದ ಕಾಯಿ 'ವುಎಲೊ', ಅಂದರೆ ಹಾರುವಾಗಲೇ ಹಿಡಿದದ್ದು. ತಾನೇ ನೆಲಕ್ಕೆ ಬಿದ್ದದ್ದು 'ಸುಎಲೊ', ನೆಲದ್ದು. ಎರಡನ್ನೂ ಒಂದೇ ಟ್ರೇಲರಿಗೆ ಹಾಕುವ ಹಾಗಿಲ್ಲ. ಗಿರಣಿಯಲ್ಲಿ ಸುರಿಯುವ ಬಾಯಿಗಳೂ ಬೇರೆ, ದರಗಳೂ ಬೇರೆ. ಬಿದ್ದ ಕಾಯಿ ಮಣ್ಣಿನಲ್ಲಿ ಕೂತು ಕೊಳೆತು ಅದರ ಎಣ್ಣೆಯ ಆಮ್ಲೀಯತೆ ಏರುತ್ತದೆ. ಅತ್ಯುತ್ತಮ ದರ್ಜೆಗೆ ಅದು ಶೇಕಡಾ 0.8ರೊಳಗೆ ಇರಬೇಕು, ಜೊತೆಗೆ ರುಚಿಯಲ್ಲಿ ಯಾವ ದೋಷವೂ ಇರಬಾರದು. ಬಿದ್ದದ್ದನ್ನು ಗುಡಿಸಿಕೊಳ್ಳಲು ಸುಲಭವಾಗಲಿ ಎಂದೇ ಮರದ ಬುಡವನ್ನು ಅಷ್ಟು ನುಣುಪು ಮಾಡಿರುತ್ತಾರೆ.

"2022, 2023 ಎರಡು ವರ್ಷ ಮಳೆಯೇ ಇಲ್ಲ," ಎಂದು ಅವರು ಹೇಳಿದ್ದನ್ನು ಅಕ್ಕ ನನಗೆ ಕನ್ನಡದಲ್ಲಿ ಹೇಳುತ್ತಾ ಹೋದಳು. "ಅಂಗಡಿಯಲ್ಲಿ ಎಣ್ಣೆಗೆ ಬಂಗಾರದ ಬೆಲೆ ಬಂತು. ನಮಗೆ ಏನು ಬಂತು? ಮಾರಲು ಎಣ್ಣೆ ಇರಬೇಕಲ್ಲ. ಈಗ ಮರ ತುಂಬ ಕಾಯಿ ಇದೆ, ಬೆಲೆ ಇಳಿಯುತ್ತಿದೆ." ಆ ಬರದಲ್ಲಿ ಸ್ಪೇನಿನ ಎಣ್ಣೆಯ ಉತ್ಪಾದನೆ ಹಿಂದಿನ ವರ್ಷದ ಅರ್ಧಕ್ಕಿಂತ ಕೆಳಗೆ ಕುಸಿದದ್ದು ನನಗೆ ಗೊತ್ತಿತ್ತು. ಅವರ ಮಾತಿನ ಧಾಟಿಯಂತೂ ಅದಕ್ಕಿಂತ ಚೆನ್ನಾಗಿ ಗೊತ್ತಿತ್ತು. ನಾವೂ ಕೊಬ್ಬರಿಯವರು, ಒಂದೇ ಬೆಳೆ ನಂಬಿದವರು ಎಂದು ಅಕ್ಕ ಹೇಳಿದಾಗ ಅವರು ನನ್ನ ಅಂಗೈ ಹಿಡಿದು ನೋಡಿ, ಇದು ತೋಟದ ಕೈಯಲ್ಲ ಎಂದರು. ಅಪ್ಪನ ಕೈ ಎಂದು ನಾನು ಹೇಳಿದೆ.

ಗುಂಪಿನಲ್ಲಿ ಸೆನೆಗಲ್ ದೇಶದ ಒಬ್ಬ ತರುಣನಿದ್ದ. ಪ್ರತಿ ಚಳಿಗಾಲ ಹಯೇನ್‌ಗೆ ಬರುತ್ತಾನೆ. ಕೊಯ್ಲಿನ ಕೂಲಿಗಳಿಗೆಂದು ಆ ಜಿಲ್ಲೆಯ ಊರುಗಳಲ್ಲಿ ತಂಗುದಾಣಗಳಿವೆ, ಆದರೆ ಅಲ್ಲಿ ಕೆಲವೇ ರಾತ್ರಿ ಇರಲು ಬಿಡುತ್ತಾರೆ, ಅಷ್ಟರಲ್ಲಿ ಕೆಲಸ ಹುಡುಕಿಕೊಳ್ಳಬೇಕು ಎಂದ. ಬೇಸಿಗೆಯಲ್ಲಿ ಬೇರೆ ಕಡೆ ಹಣ್ಣಿನ ಕೊಯ್ಲಿಗೆ ಹೋಗುತ್ತಾನಂತೆ. ಅವನ ಊರಿನಲ್ಲಿ ನೆಲಗಡಲೆ ಎಣ್ಣೆ ಬಳಸುತ್ತಾರೆ ಎಂದಾಗ ನಾವು ಮೂವರೂ ನಮ್ಮ ನಮ್ಮ ಮನೆಯ ಎಣ್ಣೆಯ ಮಾತಿಗೆ ಇಳಿದೆವು. ಮಳೆ ಬಂದರೆ ಕೆಲಸವಿಲ್ಲ, ಕೆಲಸವಿಲ್ಲದ ದಿನ ಕೂಲಿಯಿಲ್ಲ, ಅದಕ್ಕೇ ಮೋಡ ನೋಡಿ ಹೆದರುತ್ತೇನೆ ಎಂದ ಅವನ ಮಾತು, ಮಳೆಗಾಗಿ ಎರಡು ವರ್ಷ ಕಾದ ಯಜಮಾನರ ಮಾತಿನ ಪಕ್ಕದಲ್ಲೇ ನನ್ನ ಮನಸ್ಸಿನಲ್ಲಿ ಉಳಿದಿದೆ.

ಹೊರಡುವಾಗ ಅವರ ಬುತ್ತಿಯಲ್ಲಿ ನಮಗೂ ಪಾಲು ಸಿಕ್ಕಿತು. ದಪ್ಪ ಬ್ರೆಡ್ಡಿನ ನಡುವಿನ ಮೆತ್ತನೆಯ ಭಾಗವನ್ನು ಬಗೆದು ಗುಳಿ ಮಾಡಿ, ಅದರ ತುಂಬ ಎಣ್ಣೆ ಸುರಿದು, ಬಗೆದ ತಿರುಳನ್ನೇ ಮುಚ್ಚಳ ಮಾಡುತ್ತಾರೆ. ಇದರ ಹೆಸರು 'ಓಯೊ', ಅಂದರೆ ಗುಳಿ. ಜೊತೆಗೆ ಉಪ್ಪು ಹಾಕಿದ ಮೀನು ತಿನ್ನುವುದು ವಾಡಿಕೆ; ಸಸ್ಯಾಹಾರಿಗಳಾದ ನಮಗೆ ಟೊಮೆಟೊ ಕೊಟ್ಟರು.

ಮುಂದೆ ಗ್ವಾದಾಹೋಸ್ ನದಿಯ ಸೇತುವೆ. ಈ ದಾರಿಯಲ್ಲಿ ಒಟ್ಟು ಹದಿಮೂರು ಹಳೆಯ ಕಬ್ಬಿಣದ ಸೇತುವೆಗಳಿವೆ. ಹಯೇನ್ ಮತ್ತು ಕೊರ್ದೋಬಾ ಜಿಲ್ಲೆಗಳ ಗಡಿಯಲ್ಲಿರುವ ಈ ಸೇತುವೆ 200 ಮೀಟರಿಗೂ ಉದ್ದ. ಗಾಳಿ ಜೋರಾಗಿ ಬೀಸುತ್ತಿತ್ತು, ನಾವು ಸೈಕಲ್ ತಳ್ಳಿಕೊಂಡು ದಾಟಿದೆವು. ಅದರಾಚೆ, ಲೂಕೆಯ ಹತ್ತಿರ, ಸಾಲೊಬ್ರಾಲ್ ಎಂಬ ಉಪ್ಪುನೀರಿನ ಕೆರೆ. ಅಂಚಿನಲ್ಲಿ ಉಪ್ಪಿನ ಬಿಳಿ ಗೆರೆ, ನಡುವೆ ತೆಳ್ಳನೆಯ ನೀರು, ಅದರಲ್ಲಿ ದೂರಕ್ಕೆ ಗುಲಾಬಿ ಚುಕ್ಕೆಗಳಂತೆ ಕಾಣುವ ರಾಜಹಂಸಗಳು.

ಅವನ್ನು ಹತ್ತಿರದಿಂದ ನೋಡುವ ಆಸೆಯಿಂದ ನಾನು ದಾರಿ ಬಿಟ್ಟು ತೋಟದೊಳಗಿನ ಗಾಡಿ ಜಾಡಿಗೆ ಇಳಿದೆ. ಹಿಂದಿನ ವಾರ ಮಳೆಯಾಗಿತ್ತು. ಐವತ್ತು ಗಜ ಹೋಗುವಷ್ಟರಲ್ಲಿ ಜೇಡಿಮಣ್ಣು ಚಕ್ರಕ್ಕೆ ರೊಟ್ಟಿ ಹಿಟ್ಟಿನಂತೆ ಸುತ್ತಿಕೊಂಡು, ಮಡ್‌ಗಾರ್ಡಿನೊಳಗೆ ಗಟ್ಟಿಯಾಗಿ ತುಂಬಿ, ಚಕ್ರ ತಿರುಗುವುದೇ ನಿಂತಿತು. ಸೈಕಲ್ಲನ್ನು ಹೊತ್ತುಕೊಂಡೇ ಹಿಂದಿರುಗಬೇಕಾಯಿತು. ಸವರಿ ಬಿದ್ದಿದ್ದ ಆಲಿವ್ ಕಡ್ಡಿಯಿಂದ ಮಣ್ಣು ಕೆದಕುತ್ತಾ ಮುಕ್ಕಾಲು ಗಂಟೆ ಹೋಯಿತು. "ಮಳೆ ಬಿದ್ದ ಮೇಲೆ ಹಸಿರು ದಾರಿ ಬಿಟ್ಟು ಕದಲಬೇಡ ಅಂದಿದ್ದೆ ಕಣೇ," ಎಂದು ಅಕ್ಕ ಬೈದಳು, ಬೈಯುತ್ತಲೇ ಕೂತು ಹಿಂದಿನ ಚಕ್ರವನ್ನು ತಾನೇ ಕೆದಕಿ ಕೊಟ್ಟಳು.

ಆ ಮುಕ್ಕಾಲು ಗಂಟೆಯ ಬೆಲೆಯನ್ನು ಸಂಜೆ ತೆತ್ತೆವು. ಸುಎರೋಸ್ ಹಳ್ಳಿ ದಾರಿಯಿಂದ ಮೇಲೆ, ಸುಣ್ಣಕಲ್ಲಿನ ಬಂಡೆಯ ಮೇಲೆ ಕೂತಿದೆ. ಕತ್ತಲಾದ ಮೇಲೆ, ನಾಲ್ಕು ದಿನಗಳಲ್ಲೇ ಅತಿ ಕಡಿದಾದ ಆ ರಸ್ತೆಯನ್ನು ತಳ್ಳಿಕೊಂಡು ಹತ್ತಿದೆವು. ಮೇಲೆ ತಲುಪಿದಾಗ ಏಳೂಕಾಲು. ಅಲ್ಲಿ ರಾತ್ರಿಯೂಟಕ್ಕೆ ಅಡುಗೆಮನೆ ತೆರೆಯುವುದು ಎಂಟೂವರೆಗೆ. ಮಧ್ಯಾಹ್ನ ನಾಲ್ಕರಿಂದ ಅಲ್ಲಿಯವರೆಗೆ ಬಿಸಿಯಾದದ್ದು ಏನೂ ಸಿಗುವುದಿಲ್ಲವೆಂಬುದನ್ನು ಲೆಕ್ಕದಲ್ಲಿ ಇಟ್ಟುಕೊಂಡೇ ಅಲ್ಲಿ ದಿನವನ್ನು ಯೋಜಿಸಬೇಕು. ಕೊನೆಗೂ ಬಂದದ್ದು ಸಾಲ್ಮೊರೆಹೊ: ಟೊಮೆಟೊ, ಬ್ರೆಡ್ಡು, ಬೆಳ್ಳುಳ್ಳಿ, ಎಣ್ಣೆ ಸೇರಿಸಿ ಅರೆದ, ಮಜ್ಜಿಗೆಹುಳಿಗಿಂತ ಮಂದವಾದ ತಣ್ಣನೆಯ ಸಾರು. ಮೇಲೆ ಹಂದಿಮಾಂಸದ ಚೂರು ಉದುರಿಸುತ್ತಾರೆ, ಬೇಡವಾದವರು ಮೊದಲೇ ಹೇಳಬೇಕು. ಜೊತೆಗೆ ಕರಿದ ಬದನೆಕಾಯಿಯ ಮೇಲೆ ಕಬ್ಬಿನ ಪಾಕ ಸುರಿದದ್ದು ಬಂತು, ನಮ್ಮ ಜೋನಿ ಬೆಲ್ಲದ ರುಚಿ. ಇಬ್ಬರೂ ಎರಡೆರಡು ತಟ್ಟೆ ತಿಂದೆವು.

ಆ ರಾತ್ರಿ ಅಪ್ಪನಿಗೆ ನೆಲದ ಕಾಯಿಯ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ದರದಲ್ಲಿ ಎಷ್ಟು ವ್ಯತ್ಯಾಸ?" ಎಂದರು. ಅದನ್ನು ನಾನು ಕೇಳಿರಲಿಲ್ಲ.

ಮೂರನೆಯ ದಿನ: ಸುಎರೋಸ್‌ನಿಂದ ಲುಸೇನಾ

ಬೆಳಗಾದಾಗ ಹಳ್ಳಿಯ ನಿಜವಾದ ಚೆಲುವು ಕಂಡಿತು: ಬಂಡೆಯಿಂದಲೇ ಬೆಳೆದಂತಿರುವ ಕೋಟೆ, ಅದರ ಕೆಳಗೆ ಸುಣ್ಣ ಬಳಿದ ಮನೆಗಳು, ಹಿಂದೆ ಬೈಲೊನ್ ಹಳ್ಳದ ಕೊರಕಲು, ಮೇಲೆ ರಣಹದ್ದುಗಳು. ಆಡಿನ ಹಾಲಿನ ಗಿಣ್ಣಿಗೆ, ಅಂದರೆ ಚೀಸಿಗೆ, ಈ ಊರು ಹೆಸರುವಾಸಿ. ಅರ್ಧ ಕಿಲೋ ಕಟ್ಟಿಸಿಕೊಂಡೆವು.

ಮಧ್ಯಾಹ್ನದವರೆಗೂ ಸಣ್ಣ ಮಳೆ. ಕೊರ್ದೋಬಾ ಜಿಲ್ಲೆಯ ಈ ಭಾಗದಲ್ಲಿ ಮರಗಳ ಜಾತಿಯೂ ಬೆರೆತಿದೆ. ಹಯೇನ್‌ನಲ್ಲಿ ಎಲ್ಲಿ ನೋಡಿದರೂ ಪಿಕುವಾಲ್, ತುದಿಯಲ್ಲಿ ಚೂಪಾದ ಕಾಯಿ. ಇಲ್ಲಿ ಓಹಿಬ್ಲಾಂಕಾ, ಅಂದರೆ ಬಿಳಿ ಎಲೆಯದು. ಗಾಳಿ ಬೀಸಿದಾಗ ಎಲೆ ಮಗುಚಿ ಗುಡ್ಡದ ಇಡೀ ಇಳಿಜಾರು ಹಸಿರಿನಿಂದ ಬೆಳ್ಳಿಗೆ ತಿರುಗಿ ಮತ್ತೆ ಹಸಿರಾಗುತ್ತಿತ್ತು. ಮಳೆಯಿಂದಾಗಿ ತೋಟಗಳಲ್ಲಿ ಒಬ್ಬರೂ ಇರಲಿಲ್ಲ. ಸೆನೆಗಲ್ಲಿನ ತರುಣ ನೆನಪಾದ.

ದೊನ್ಯಾ ಮೆನ್ಸಿಯಾ, ಕಾಬ್ರಾ ದಾಟಿದೆವು. ಕಾಬ್ರಾದ ಹಳೆಯ ನಿಲ್ದಾಣದಲ್ಲಿ ರೈಲಿನ ವಸ್ತುಸಂಗ್ರಹಾಲಯವಿದೆ, ಹೊರಗೆ ಮಳೆಯಲ್ಲಿ ತೊಯ್ಯುತ್ತಾ ಒಂದು ಎಂಜಿನ್ನು ನಿಂತಿದೆ. ಲುಸೇನಾ ತಲುಪಿದಾಗ ಮೂರು ಗಂಟೆ.

ಲುಸೇನಾ 11ನೆಯ ಶತಮಾನದಲ್ಲಿ ಯಹೂದಿ ವಿದ್ವಾಂಸರ ಊರಾಗಿತ್ತು. ಐಸಾಕ್ ಅಲ್‌ಫಾಸಿ ಎಂಬ ಮಹಾಪಂಡಿತರು ಇಲ್ಲಿ ವಿದ್ಯಾಪೀಠ ನಡೆಸಿ 1103ರಲ್ಲಿ ಇಲ್ಲಿಯೇ ತೀರಿಕೊಂಡರು. ಆದರೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಒಂದು ಅಂಗಡಿಯ ಕಿಟಕಿ. ಅದರೊಳಗೆ ಹಿತ್ತಾಳೆಯ ಎತ್ತರದ ದೀಪ, ನಡುವೆ ಕಂಬ, ಎಣ್ಣೆಯ ಬಟ್ಟಲು, ಅದರಿಂದ ನಾಲ್ಕು ದಿಕ್ಕಿಗೆ ಚಾಚಿದ ಬತ್ತಿಯ ನಾಲಿಗೆಗಳು. ಇದು ವೆಲೊನ್, ಆಲಿವ್ ಎಣ್ಣೆಯಲ್ಲಿ ಉರಿಯುತ್ತಿದ್ದ ಮನೆದೀಪ, ಲುಸೇನಾದ ಹಿತ್ತಾಳೆ ಕೆಲಸಗಾರರು ಇದಕ್ಕೇ ಪ್ರಸಿದ್ಧರು. "ಅಜ್ಜಿಯ ಕಾಲುದೀಪ ಅಲ್ವೇನೇ?" ಎಂದು ಅಕ್ಕ ಗಾಜಿಗೆ ಕೈಯಿಟ್ಟಳು. ಒಳಗಿದ್ದ ಹಿರಿಯರು ಅದನ್ನು ಹೊರತೆಗೆದು ತೋರಿಸಿದರು. ಕಂಬಕ್ಕೆ ಸರಪಳಿಯಲ್ಲಿ ಕತ್ತರಿ, ಬತ್ತಿ ಎಳೆಯುವ ಕಡ್ಡಿ ತೂಗುತ್ತಿದ್ದವು. ತನ್ನ ಅಜ್ಜಿಯ ಮನೆಯಲ್ಲಿ ಕರೆಂಟು ಹೋದಾಗಲೆಲ್ಲ ಇದನ್ನೇ ಹಚ್ಚುತ್ತಿದ್ದರೆಂದು ಅವರು ಹೇಳಿದರು. ನಮ್ಮ ಮನೆಯಲ್ಲಿ ದೀಪಕ್ಕೆ ಕೊಬ್ಬರಿ ಎಣ್ಣೆ ಎಂದು ಅಕ್ಕ ಹೇಳಿದಳು. ಕೊಳ್ಳಲು ದೊಡ್ಡದು ಕೈಗೆಟಕುವಂತಿರಲಿಲ್ಲ; ಗೇಣುದ್ದದ್ದೊಂದನ್ನು ಕೊಂಡು ಬಟ್ಟೆಯಲ್ಲಿ ಸುತ್ತಿ ಚೀಲದ ತಳಕ್ಕೆ ಇಟ್ಟೆವು.

ನಾಲ್ಕನೆಯ ದಿನ: ಪುಯೆಂತೆ ಹೆನಿಲ್‌ವರೆಗೆ

ಕೊನೆಯ ದಿನದ ದಾರಿ ಬಹುಪಾಲು ಇಳಿಜಾರು. ಬಿಸಿಲು ಬಂದಿತ್ತು, ತೋಟಗಳಲ್ಲಿ ಮತ್ತೆ ಗಳಗಳ ಸದ್ದು ಕೇಳಿಸಿತು. ಒಂದು ಕಡೆ ಸೈಕಲ್ ನಿಲ್ಲಿಸಿ, ದಾರಿಬದಿಯಲ್ಲಿ ಬಲೆ ಮಡಚುತ್ತಿದ್ದ ದಂಪತಿಯನ್ನು ಅಪ್ಪನ ಪರವಾಗಿ ದರದ ಪ್ರಶ್ನೆ ಕೇಳಿದೆವು. ಗಂಡ ಒಂದು ಲೆಕ್ಕ ಹೇಳಿದರೆ ಹೆಂಡತಿ ಅದು ಹೋದ ವರ್ಷದ್ದು ಎಂದಳು. ಇಬ್ಬರೂ ಸ್ವಲ್ಪ ಹೊತ್ತು ವಾದಿಸಿ, ಕೊನೆಗೆ ಒಪ್ಪಿದ್ದು ಒಂದೇ ಮಾತಿಗೆ: ನೆಲದ್ದನ್ನು ಆಯುವ ಕೂಲಿ ಕಳೆದರೆ ಉಳಿಯುವುದು ತೀರ ಕಡಿಮೆ, ಹಾಗೆಂದು ಬಿಟ್ಟುಬರಲು ಮನಸ್ಸೂ ಬರುವುದಿಲ್ಲ.

ಪುಯೆಂತೆ ಹೆನಿಲ್‌ನಲ್ಲಿ ಅಲ್ಲಿಯ ಹೆಸರಾಂತ ಮೆಂಬ್ರಿಯೊ ಹಣ್ಣಿನ ಗಟ್ಟಿ ಹಲ್ವವನ್ನು ಸುಎರೋಸ್‌ನ ಚೀಸಿನ ಜೊತೆ ತಿಂದು, ನಿಲ್ದಾಣದ ಕಟ್ಟೆಯ ಮೇಲೆ ಕೂತು ಸೈಕಲ್ಲಿನ ಒಣಮಣ್ಣು ಉದುರಿಸಿ, ಸಂಜೆಯ ರೈಲು ಹತ್ತಿದೆವು.

ಊರಿಗೆ ಬಂದ ಮೇಲೆ ಮಾರ್ತೋಸ್‌ನಿಂದ ತಂದ ಎಣ್ಣೆಯ ಡಬ್ಬಿಯನ್ನು ಅಪ್ಪನ ಮುಂದೆ ತೆರೆದೆ. ಅಂಗೈಗೆ ಹಾಕಿಕೊಂಡು ಮೂಸಿದರು, ನೆಕ್ಕಿದರು, ಕೆಮ್ಮಿದರು. ಆಮೇಲೆ ಆ ದಂಪತಿಯ ಮಾತನ್ನು ಹೇಳಿದೆ. ಅಪ್ಪ ಏನೂ ಹೇಳದೆ ಎದ್ದು ಚಪ್ಪಲಿ ಮೆಟ್ಟಿಕೊಂಡು ತೋಟಕ್ಕೆ ಹೋದರು. ಸ್ವಲ್ಪ ಹೊತ್ತಿಗೆ, ಬೇಲಿಯ ಹತ್ತಿರ ಬಿದ್ದಿದ್ದ ಎರಡು ಕಾಯಿಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದರು.